ನಿಮ್ಮ ನಾಯಿಯ ನಡವಳಿಕೆಯನ್ನು ಗಮನಿಸುತ್ತಿದ್ದೀರಾ?

ಹಸು ಒಂದು ಹೊತ್ತು ಮೇವು ಮುಟ್ಟದಿದ್ದರೆ ನೀವು ಸುಮ್ಮನಿರುವುದಿಲ್ಲ. ಅದರ ಕಿವಿ ಮುಟ್ಟಿ ನೋಡುತ್ತೀರಿ, ಮೆಲುಕು ಹಾಕುತ್ತಿದೆಯೇ ಎಂದು ಸ್ವಲ್ಪ ಹೊತ್ತು ನಿಂತು ಗಮನಿಸುತ್ತೀರಿ, ಸಗಣಿ ಗಟ್ಟಿಯೋ ತೆಳುವೋ ಎಂದು ಮನೆಯವರನ್ನು ಕೇಳುತ್ತೀರಿ. ಎತ್ತು ಒಂದು ಹೆಜ್ಜೆ ಕುಂಟಿದರೂ ಹೆಗಲಿಗೆ ನೊಗ ಇಡುವ ಮೊದಲೇ ಅದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಆದರೆ ಅದೇ ಅಂಗಳದಲ್ಲಿ ಮಲಗುವ ನಾಯಿ ಎರಡು ದಿನ ಊಟ ಬಿಟ್ಟರೂ "ಎಲ್ಲೋ ತಿಂದು ಬಂದಿರಬೇಕು" ಎಂದು ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ.

ಇದಕ್ಕೆ ಕಾರಣವೂ ಇದೆ. ನಾಯಿ ಹಾಲು ಕೊಡುವುದಿಲ್ಲ, ಗಾಡಿ ಎಳೆಯುವುದಿಲ್ಲ. ಮನೆಯ ಆದಾಯದ ಲೆಕ್ಕದಲ್ಲಿ ಅದರ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಮನೆಯ ಮಕ್ಕಳ ಮೈಗೆ ಮೈ ತಾಗಿಸಿಕೊಂಡು ಓಡಾಡುವ, ಕೊಟ್ಟಿಗೆ, ಕಣ, ಅಡಿಗೆಮನೆಯ ಹಿತ್ತಿಲು ಎಲ್ಲ ಕಡೆಯೂ ತಿರುಗುವ ಪ್ರಾಣಿ ಅದು. ಅದರ ಸ್ವಭಾವ ಕೆಟ್ಟರೆ ಮೊದಲು ಅಪಾಯಕ್ಕೆ ಸಿಕ್ಕುವವರು ಹೊರಗಿನವರಲ್ಲ, ಮನೆಯವರೇ. ಆದ್ದರಿಂದ ನಾಯಿಯ ನಡವಳಿಕೆಯನ್ನು ಓದಲು ಕಲಿಯುವುದು ಕೇವಲ ಪ್ರೀತಿಯ ಮಾತಲ್ಲ, ಮನೆಯ ಕ್ಷೇಮದ ಮಾತು. ಅದನ್ನು ಹೇಗೆ ಕಲಿಯಬೇಕು, ಯಾವ ಬದಲಾವಣೆ ಕಂಡಾಗ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಹಿಂದಿನವರು ಕೊಟ್ಟ ಬೆಲೆ

ನಮ್ಮ ಹಿರಿಯರು ನಾಯಿಯನ್ನು ಹಗುರವಾಗಿ ಕಂಡವರಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 10ನೆಯ ಶತಮಾನದ ಒಂದು ಕಲ್ಲು ದೊರೆತಿದೆ. ಗಂಗರ ಅರಸ ಇಮ್ಮಡಿ ಬೂತುಗನು ತನ್ನ ಬಂಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ಕಾಡುಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನೂ ಬಿಟ್ಟನು. ಈ ಕಲ್ಲನ್ನು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಹೆಸರು ನಿಮಗೆ ತಿಳಿದೇ ಇದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ನಾಯಿಯಿರಲಿ, ಕುರಿಹಟ್ಟಿಯ ನಾಯಿಯಿರಲಿ, ಹೆಸರಿಲ್ಲದ ನಾಟಿ ನಾಯಿಯಿರಲಿ, ಅವುಗಳ ಮನಸ್ಸಿನ ಭಾಷೆ ಬಹುಮಟ್ಟಿಗೆ ಒಂದೇ. ಈ ಭಾಷೆಯನ್ನು ಶಾಸ್ತ್ರೀಯವಾಗಿ ಬರೆದಿಟ್ಟವರಲ್ಲಿ ಮೊದಲಿಗರೆಂದರೆ ವಿಕಾಸವಾದದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್. 1872ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಒಂದು ಸರಳ ಸಂಗತಿಯನ್ನು ತೋರಿಸಿದ್ದಾನೆ. ಸಿಟ್ಟಾದ ನಾಯಿ ಮೈಯನ್ನು ನೆಟ್ಟಗೆ ಬಿಗಿ ಹಿಡಿದು, ಬಾಲ ಎತ್ತಿ, ಕೂದಲು ನಿಮಿರಿಸಿ, ತಾನು ದೊಡ್ಡದಾಗಿ ಕಾಣುವಂತೆ ನಿಲ್ಲುತ್ತದೆ. ಯಜಮಾನನನ್ನು ಕಂಡು ಹಿಗ್ಗಿದ ನಾಯಿ ಇದಕ್ಕೆ ನೇರ ವಿರುದ್ಧವಾಗಿ ಮೈಯನ್ನು ಬಳುಕಿಸಿ, ತಗ್ಗಿಸಿ, ಕಿವಿಗಳನ್ನು ಹಿಂದಕ್ಕೆ ಎಳೆದು, ಬಾಲ ಆಡಿಸುತ್ತದೆ. ಈ ಎರಡು ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಿಕ್ಕದ್ದನ್ನು ಕಲಿಯುವುದು ಸುಲಭ.

ಮೊದಲು ಸಹಜ ಸ್ಥಿತಿಯನ್ನು ತಿಳಿಯಿರಿ

ಯಾವ ನಾಯಿಯಲ್ಲಿ ಏನು ಬದಲಾಗಿದೆ ಎಂದು ಹೇಳಬೇಕಾದರೆ ಅದು ದಿನವೂ ಹೇಗಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಇದಕ್ಕೆ ದಿನಕ್ಕೆ ಐದು ನಿಮಿಷ ಸಾಕು. ಸಂಜೆ ಊಟ ಹಾಕುವ ಹೊತ್ತು ಇದಕ್ಕೆ ತಕ್ಕ ಸಮಯ. ತಟ್ಟೆಯ ಸದ್ದು ಕೇಳಿದ ಕೂಡಲೇ ಬರುತ್ತದೆಯೇ, ತಡವಾಗಿ ಬರುತ್ತದೆಯೇ? ನಡಿಗೆ ಹೇಗಿದೆ? ಮುದ್ದೆಯನ್ನೋ ರೊಟ್ಟಿಯನ್ನೋ ಎಂದಿನಂತೆ ನುಂಗುತ್ತದೆಯೇ? ನೀರು ಎಷ್ಟು ಕುಡಿಯಿತು? ನಿಮ್ಮ ಮುಖ ನೋಡುತ್ತದೆಯೇ, ತಲೆ ತಗ್ಗಿಸಿಕೊಂಡು ಹೋಗುತ್ತದೆಯೇ? ಇಷ್ಟನ್ನು ಹತ್ತು ಹದಿನೈದು ದಿನ ಗಮನವಿಟ್ಟು ನೋಡಿದರೆ ನಿಮ್ಮ ನಾಯಿಯ 'ಸಹಜ' ಎಂಬುದು ನಿಮಗೆ ಬಾಯಿಪಾಠವಾಗುತ್ತದೆ.

ಒಂದು ನಾಯಿಯ ಸಹಜ ಇನ್ನೊಂದರದ್ದಲ್ಲ. ಮುಧೋಳದ ನಾಯಿ ಬಾಲವನ್ನು ಸಾಮಾನ್ಯವಾಗಿ ಕೆಳಗೇ ಇಟ್ಟುಕೊಂಡಿರುತ್ತದೆ. ಅದನ್ನು ಕಂಡು ಹೆದರಿದೆ ಎಂದು ತಿಳಿಯಬಾರದು. ನಮ್ಮ ನಾಟಿ ನಾಯಿಗಳಲ್ಲಿ ಹಲವು ಬಾಲವನ್ನು ಬೆನ್ನ ಮೇಲೆ ಸುರುಳಿ ಸುತ್ತಿಕೊಂಡೇ ಇರುತ್ತವೆ. ಅಂಥ ನಾಯಿಯ ಬಾಲ ಕೆಳಗೆ ಇಳಿದರೆ ಅದಕ್ಕೆ ಅರ್ಥವಿದೆ.

ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಮೈಗಿಂತ ಅದು ಬೆಚ್ಚಗಿರುವುದು ಸಹಜ. ತಣ್ಣನೆಯ ನೆರಳಿನಲ್ಲಿ ಮಲಗಿರುವಾಗ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ವಸಡು ಸಾಮಾನ್ಯವಾಗಿ ನಸುಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. "ಮೂಗು ಒಣಗಿದ್ದರೆ ಜ್ವರ, ತೇವವಿದ್ದರೆ ಆರೋಗ್ಯ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಬಿಸಿಲಿನಲ್ಲಿ ಮಲಗಿದ್ದು ಎದ್ದ ನಾಯಿಯ ಮೂಗೂ ಒಣಗಿರುತ್ತದೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದರಿಂದಲೇ ಅದು ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಬಿಸಿಲಿನಿಂದ ಬಂದ ನಾಯಿ ತೇಕಿದರೆ ಗಾಬರಿ ಬೇಡ. ತಣ್ಣಗಿರುವ ಹೊತ್ತಿನಲ್ಲಿ, ಓಡಾಡದೆ ಕುಳಿತಲ್ಲೇ ತೇಕುತ್ತಿದ್ದರೆ ಭಯ, ನೋವು ಅಥವಾ ಜ್ವರ ಇರಬಹುದು.

ದೇಹದ ಒಂದೊಂದು ಭಾಗವೂ ಹೇಳುವುದೇನು?

ಬಾಲ: "ಬಾಲ ಅಲ್ಲಾಡಿಸಿದರೆ ಸ್ನೇಹ" ಎಂದು ಎಲ್ಲರೂ ನಂಬಿದ್ದಾರೆ. ಇದು ಅರ್ಧ ಸತ್ಯ. ಬಾಲ ಆಡಿಸುವುದೆಂದರೆ ನಾಯಿಯ ಮನಸ್ಸು ಕೆರಳಿದೆ ಎಂದಷ್ಟೇ ಅರ್ಥ. ಅದು ಸಂತೋಷದಿಂದಲೂ ಇರಬಹುದು, ಸಿಟ್ಟಿನಿಂದಲೂ ಇರಬಹುದು. ಸಂತೋಷದ ಬಾಲ ಸಡಿಲವಾಗಿ, ಅಗಲವಾಗಿ ಆಡುತ್ತದೆ. ಅದರೊಡನೆ ಸೊಂಟವೂ ಆಡುತ್ತದೆ. ಎತ್ತರಕ್ಕೆ ಸೆಟೆದು, ಕಡ್ಡಿಯಂತೆ ಬಿಗಿಯಾಗಿ, ಚಿಕ್ಕದಾಗಿ ನಡುಗುವ ಬಾಲ ಎಚ್ಚರಿಕೆಯ ಗುರುತು. ಕಾಲಿನ ಸಂದಿಗೆ ಸೇರಿದ ಬಾಲ ಭಯದ ಗುರುತು. ಇಟಲಿಯ ವಿಜ್ಞಾನಿಗಳು 2007ರಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಪ್ರಕಟಿಸಿದರು. ಯಜಮಾನನನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತದೆ. ಅಪರಿಚಿತವಾದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ವಾಲುತ್ತದೆ.

ಕಿವಿ: ಮುಂದಕ್ಕೆ ನಿಮಿರಿದ ಕಿವಿ ಗಮನದ ಗುರುತು. ತಲೆಗೆ ಅಂಟಿಕೊಂಡ ಕಿವಿ ಭಯದ ಗುರುತು. ಜೋಲುಕಿವಿಯ ನಾಯಿಗಳಲ್ಲಿ ಕಿವಿಯ ತುದಿಯನ್ನು ನೋಡದೆ ಬುಡವನ್ನು ನೋಡಬೇಕು. ಮನುಷ್ಯರ ಕಿವಿಗೆ ಕೇಳಿಸದ ತೀಕ್ಷ್ಣ ಸದ್ದುಗಳೂ ನಾಯಿಗೆ ಕೇಳಿಸುತ್ತವೆ. ಆದ್ದರಿಂದ ಏನೂ ಇಲ್ಲದ ಕಡೆ ಕಿವಿ ನಿಮಿರಿಸಿ ನಿಂತರೆ ಅದನ್ನು ಗದರಿಸಬೇಡಿ.

ಕಣ್ಣು: ನೆಮ್ಮದಿಯ ನಾಯಿಯ ಕಣ್ಣು ಮೃದುವಾಗಿ, ಅರೆಮುಚ್ಚಿದಂತೆ ಇರುತ್ತದೆ. ಕಣ್ಣಿನ ಬಿಳಿ ಭಾಗ ಅಂಚಿನಲ್ಲಿ ಕಾಣುವಂತೆ ಓರೆಯಾಗಿ ನೋಡಿದರೆ ಅದಕ್ಕೆ ಇಕ್ಕಟ್ಟಾಗಿದೆ ಎಂದು ತಿಳಿಯಿರಿ. ರೆಪ್ಪೆ ಅಲುಗಿಸದೆ ದಿಟ್ಟಿಸಿದರೆ ಅದು ಬೆದರಿಕೆ. ಇದಕ್ಕೆ ಉತ್ತರವಾಗಿ ನೀವೂ ದಿಟ್ಟಿಸಿ ನೋಡಬಾರದು.

ಬಾಯಿ: ಹಸಿವಿಲ್ಲದಿದ್ದರೂ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಮುಖ ಬೇರೆ ಕಡೆ ತಿರುಗಿಸುವುದು, ಇವು "ನನಗೆ ಇದು ಹಿಡಿಸುತ್ತಿಲ್ಲ" ಎಂದು ನಾಯಿ ಮೆಲ್ಲಗೆ ಹೇಳುವ ಮಾತುಗಳು. ತುಟಿ ಮೇಲೆತ್ತಿ ಹಲ್ಲು ತೋರಿಸುವುದು ಅದೇ ಮಾತನ್ನು ಗಟ್ಟಿಯಾಗಿ ಹೇಳುವ ರೀತಿ.

ಕೂದಲು ಮತ್ತು ನಿಲುವು: ಕತ್ತಿನಿಂದ ಸೊಂಟದವರೆಗೆ ಬೆನ್ನ ಕೂದಲು ನಿಮಿರಿದರೆ ನಾಯಿ ಕೆರಳಿದೆ ಅಥವಾ ಹೆದರಿದೆ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ನಿಂತರೆ ಆಟಕ್ಕೆ ಕರೆಯುತ್ತಿದೆ. ಅಂಗಾತ ಬಿದ್ದು ಹೊಟ್ಟೆ ತೋರಿಸುವುದಕ್ಕೆ ಎರಡು ಅರ್ಥ. ಮೈ ಸಡಿಲವಾಗಿದ್ದರೆ ಸಲುಗೆ. ಮೈ ಬಿಗಿಯಾಗಿ ಬಾಲ ಹೊಟ್ಟೆಗೆ ಅಂಟಿದ್ದರೆ "ನನ್ನನ್ನು ಬಿಟ್ಟುಬಿಡು" ಎಂಬ ಬೇಡಿಕೆ.

ಯಾವ ಒಂದು ಗುರುತನ್ನೂ ಬೇರೆಯಾಗಿ ನೋಡಿ ತೀರ್ಮಾನಿಸಬಾರದು. ಬಾಲ, ಕಿವಿ, ಕಣ್ಣು, ಬಾಯಿ ಎಲ್ಲವನ್ನೂ ಸೇರಿಸಿ, ಆ ಹೊತ್ತಿನ ಸಂದರ್ಭವನ್ನೂ ನೋಡಿ ಅರ್ಥ ಮಾಡಿಕೊಳ್ಳಬೇಕು.

ಬೊಗಳುವ ನಾಯಿ ಕಚ್ಚುವುದಿಲ್ಲವೇ?

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ಮನುಷ್ಯರ ವಿಷಯದಲ್ಲಿ ಸರಿಯಿರಬಹುದು; ನಾಯಿಯ ವಿಷಯದಲ್ಲಿ ಅದನ್ನು ನಂಬಿ ಕೈ ಚಾಚಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದ ನಾಯಿಯೂ ಕಚ್ಚುತ್ತದೆ. ಆದರೆ ಬೊಗಳುವ, ಗುರುಗುಟ್ಟುವ ನಾಯಿ ಮೊದಲೇ ಎಚ್ಚರಿಕೆ ಕೊಡುತ್ತದೆ. ಅದು ಒಳ್ಳೆಯ ಗುಣ. ಗುರುಗುಟ್ಟಿತೆಂದು ಹೊಡೆದು ಹೊಡೆದು ಆ ಅಭ್ಯಾಸವನ್ನು ಬಿಡಿಸಿದರೆ, ನಾಯಿ ಸಾಧುವಾಗುವುದಿಲ್ಲ. ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ.

ದಿನವೂ ಕೇಳುವವರಿಗೆ ಬೊಗಳುವಿಕೆಯಲ್ಲೂ ವ್ಯತ್ಯಾಸ ತಿಳಿಯುತ್ತದೆ. ದಾರಿಹೋಕರನ್ನು ಕಂಡು ಬೊಗಳುವುದೇ ಬೇರೆ, ಪರಿಚಯದ ಬೈಕಿನ ಸದ್ದಿಗೆ ಬೊಗಳುವುದೇ ಬೇರೆ. ಬಣವೆಯ ಬುಡದಲ್ಲಿ ಒಂದೇ ಜಾಗವನ್ನು ನೋಡುತ್ತ, ಮುಂದೆ ನುಗ್ಗಿ ಹಿಂದೆ ನೆಗೆದು ಬೊಗಳುತ್ತಿದ್ದರೆ ಅಲ್ಲಿ ಹಾವಿರಬಹುದು. ಕೈ ಹಾಕುವ ಮೊದಲು ದೀಪ ಹಿಡಿದು ನೋಡಿ. ಚಿರತೆ ಓಡಾಡುವ ಸೀಮೆಯಲ್ಲಿ, ರಾತ್ರಿ ಬೊಗಳಬೇಕಾದ ನಾಯಿ ಬೊಗಳದೆ ಬಾಗಿಲಿಗೆ ಒರಗಿ ನಡುಗುತ್ತಿದ್ದರೆ ಅದನ್ನು ಅಲಕ್ಷ್ಯ ಮಾಡಬಾರದು. ಅಂಥ ಊರುಗಳಲ್ಲಿ ನಾಯಿಯನ್ನು ರಾತ್ರಿ ಬಯಲಿನಲ್ಲಿ ಕಟ್ಟಿಹಾಕುವುದೆಂದರೆ ಚಿರತೆಗೆ ಊಟ ಇಟ್ಟಂತೆ.

ತಪ್ಪು ಮಾಡಿದ ಮುಖ

ಕೋಳಿಮೊಟ್ಟೆ ಕದ್ದು ತಿಂದ ನಾಯಿ ನಿಮ್ಮನ್ನು ಕಂಡೊಡನೆ ತಲೆ ತಗ್ಗಿಸಿ, ಕಿವಿ ಜೋಲುಬಿಟ್ಟು ಮೂಲೆ ಸೇರುತ್ತದೆ. "ನೋಡಿ, ತಪ್ಪು ಗೊತ್ತಾಗಿದೆ" ಎಂದು ನಾವು ಹೊಡೆಯುತ್ತೇವೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ತಪ್ಪು ಮಾಡಿದ ನಾಯಿಯೂ, ಏನೂ ಮಾಡದ ನಾಯಿಯೂ, ಯಜಮಾನ ಗದರಿದಾಗ ಅದೇ ಮುಖವನ್ನು ತೋರಿಸಿದವು. ಎಂದರೆ ಅದು ಪಶ್ಚಾತ್ತಾಪವಲ್ಲ, ನಿಮ್ಮ ಸಿಟ್ಟಿಗೆ ಹೆದರಿದ ಮುಖ. ತಪ್ಪು ನಡೆದು ಗಂಟೆ ಕಳೆದ ಮೇಲೆ ಹೊಡೆದರೆ ನಾಯಿ ಕಲಿಯುವುದು ನಿಮ್ಮನ್ನು ಕಂಡು ಹೆದರುವುದನ್ನು ಮಾತ್ರ. ಮೊಟ್ಟೆ ಇಡುವ ಬುಟ್ಟಿಯನ್ನು ಎತ್ತರದಲ್ಲಿ ಇಡುವುದೇ ಇದಕ್ಕೆ ಸರಿಯಾದ ಪರಿಹಾರ.

ಮಕ್ಕಳಿಗೆ ಕಲಿಸಬೇಕಾದದ್ದು

ದೊಡ್ಡವರಿಗೆ ಕಾಣುವ ಗುರುತುಗಳು ಮಕ್ಕಳಿಗೆ ಕಾಣುವುದಿಲ್ಲ. ಹಲ್ಲು ತೋರಿಸುವ ನಾಯಿ ನಗುತ್ತಿದೆ ಎಂದು ತಿಳಿದು ಹತ್ತಿರ ಹೋಗುವ ಮಕ್ಕಳೂ ಉಂಟು. ಆದ್ದರಿಂದ ಈ ಕೆಲವು ಮಾತುಗಳನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿಕೊಡಿ.

ಉಣ್ಣುತ್ತಿರುವ, ಮಲಗಿರುವ, ಮರಿಗೆ ಹಾಲೂಡಿಸುತ್ತಿರುವ ನಾಯಿಯನ್ನು ಮುಟ್ಟಬಾರದು. ಮರಿ ಹಾಕಿದ ನಾಯಿ ಎಷ್ಟೇ ಸಾಧುವಾಗಿದ್ದರೂ ಕೆಲವು ವಾರ ಮನೆಯವರನ್ನೂ ಸಂಶಯದಿಂದ ನೋಡುತ್ತದೆ. ಮುದಿ ನಾಯಿಗೆ ಕಿವಿ ಮಂದವಾಗಿರಬಹುದು. ಹಿಂದಿನಿಂದ ಹೋಗಿ ಮುಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ಕಿರುಚಬಾರದು. ಕೈಗಳನ್ನು ಮೈಗೆ ಹತ್ತಿಸಿಕೊಂಡು, ನೆಲ ನೋಡುತ್ತ ಕಂಬದಂತೆ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಯ ಹಲ್ಲಾಗಲಿ ಉಗುರಾಗಲಿ ತಾಗಿದರೆ ಮನೆಯಲ್ಲಿ ಹೇಳಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡುತ್ತಾರೆ. ಹೇಳಿದ ಮಗುವನ್ನು ಬೈಯಬೇಡಿ.

ಹಬ್ಬ, ಬೆದೆ ಮತ್ತು ಬೇಸರ

ನಡವಳಿಕೆ ಬದಲಾದಾಗಲೆಲ್ಲ ರೋಗವೆಂದು ತಿಳಿಯಬೇಕಾಗಿಲ್ಲ. ದೀಪಾವಳಿಯ ಪಟಾಕಿ ಸದ್ದಿಗೆ ಹಲವು ನಾಯಿಗಳು ನಡುಗುತ್ತವೆ, ಮಂಚದ ಕೆಳಗೆ ಸೇರುತ್ತವೆ, ಕೆಲವು ಹಗ್ಗ ಕಿತ್ತುಕೊಂಡು ಊರು ಬಿಟ್ಟು ಓಡುತ್ತವೆ. ಆ ಎರಡು ಮೂರು ದಿನ ಒಳಗಿನ ಕತ್ತಲೆ ಮೂಲೆಯಲ್ಲಿ ಗೋಣಿ ಹಾಸಿ ಬಿಟ್ಟರೆ ಸಾಕು.

ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಆ ಮೂರು ವಾರ ಅದರ ಚಡಪಡಿಕೆಯೂ, ಸುತ್ತಲ ಗಂಡುನಾಯಿಗಳ ಊಟ ಬಿಟ್ಟು ಅಲೆಯುವ ಚಾಳಿಯೂ ಸಹಜ. ಆದರೆ ಹೀಗೆ ಅಲೆದು, ಬೀದಿಯಲ್ಲಿ ಕಚ್ಚಾಡಿ ಬಂದ ನಾಯಿಯ ಮೈಮೇಲೆ ಗಾಯವಿದ್ದರೆ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಆ ಗಾಯದ ಮಹತ್ವ ಮುಂದೆ ತಿಳಿಯುತ್ತದೆ. ಮರಿಗಳು ಬೇಡವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಹಗಲಿರುಳು ಗಿಡ್ಡ ಸರಪಳಿಯಲ್ಲಿ ಕಟ್ಟಿದ ನಾಯಿ ಒಂದೇ ಜಾಗದಲ್ಲಿ ಸುತ್ತುವುದು, ತನ್ನ ಕಾಲನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು, ಕಂಡಕಂಡವರ ಮೇಲೆ ಎಗರುವುದು ಕಾಣುತ್ತದೆ. ಕಟ್ಟಿಹಾಕಿದರೆ ಕಾವಲು ಜೋರಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಿನಕ್ಕೆ ಎರಡು ಸಲ ಹೊಲದ ಬದುಗುಂಟ ನಿಮ್ಮೊಡನೆ ಸುತ್ತಾಡಿಸಿದರೆ ಅದರ ಮನಸ್ಸೂ ಸರಿಹೋಗುತ್ತದೆ, ಕಾವಲೂ ಚೆನ್ನಾಗಿ ಆಗುತ್ತದೆ. ಮರಿಯಾಗಿದ್ದಾಗ, ಮೂರರಿಂದ ಹನ್ನೆರಡು ವಾರಗಳ ವಯಸ್ಸಿನಲ್ಲಿ, ಜನರನ್ನೂ ಮಕ್ಕಳನ್ನೂ ಕುರಿಕೋಳಿಗಳನ್ನೂ ನೋಡಿ ಬೆಳೆದ ನಾಯಿ ದೊಡ್ಡದಾದ ಮೇಲೆ ಅವುಗಳ ಮೇಲೆ ಬೀಳುವುದು ಕಡಿಮೆ.

ರೋಗ ಮತ್ತು ನೋವಿನ ಗುರುತುಗಳು

ನಾಯಿ ನೋವನ್ನು ಬಹಳ ಮಟ್ಟಿಗೆ ಮುಚ್ಚಿಡುತ್ತದೆ. ಕುಂಯ್‌ಗುಟ್ಟಿದರೆ ಮಾತ್ರ ನೋವು ಎಂದು ತಿಳಿಯಬಾರದು. ಕಟ್ಟೆ ಹತ್ತಲು ಹಿಂಜರಿಯುವುದು, ಎದ್ದು ಬರುವ ಬದಲು ಮಲಗಿದಲ್ಲೇ ಬಾಲ ಆಡಿಸುವುದು, ಒಂದು ಕಡೆ ಮುಟ್ಟಿದರೆ ಮಾತ್ರ ತಿರುಗಿ ನೋಡುವುದು, ಇವೂ ನೋವಿನ ಗುರುತುಗಳೇ.

ಊಟ ಬಿಟ್ಟು, ವಸಡು ಬಿಳಿಚಿಕೊಂಡು, ಜ್ವರದಿಂದ ಮಂಕಾಗಿದ್ದರೆ ಉಣ್ಣೆಯಿಂದ ಹರಡುವ ಜ್ವರ ಇರಬಹುದು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಇದೆಯೇ ಎಂದು ಹುಡುಕಿ. ಕಣ್ಣು ಮೂಗಿನಲ್ಲಿ ಕೀವಿನಂಥ ಸುರಿತ, ಕೆಮ್ಮು, ಆಮೇಲೆ ಕಾಲು ತಲೆ ಅದುರುವುದು ಕಂಡರೆ ಡಿಸ್ಟೆಂಪರ್ ರೋಗದ ಸಂಶಯಪಡಬೇಕು. ಔಷಧಿ ಸಿಂಪಡಿಸಿದ ದಿನ ಅಥವಾ ಇಲಿಪಾಷಾಣ ಇಟ್ಟ ದಿನ ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ, ವಾಂತಿ ಮಾಡಿ, ಮೈ ಅದುರಿಸಿದರೆ ವಿಷ ಸೇರಿರಬಹುದು. ಔಷಧಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ. ಮನುಷ್ಯರು ನುಂಗುವ ಜ್ವರ ಮತ್ತು ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬಾರದು. ಅವೇ ಪ್ರಾಣಾಪಾಯ ತರಬಲ್ಲವು. ದ್ರಾಕ್ಷಿ ಬೆಳೆಯುವವರು ಇನ್ನೊಂದು ಮಾತನ್ನು ನೆನಪಿಡಬೇಕು: ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ನಾಯಿಯ ಮೂತ್ರಪಿಂಡ ಕೆಡಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ

ಈಗ ಈ ಲೇಖನದ ಮುಖ್ಯ ಮಾತಿಗೆ ಬರೋಣ. ಒಂದು ಬೆಳಿಗ್ಗೆ ನಿಮ್ಮ ನಾಯಿ ಕರೆದರೂ ಬರಲಿಲ್ಲ ಎಂದುಕೊಳ್ಳಿ. ಕೊಟ್ಟಿಗೆಯ ಕತ್ತಲೆ ಮೂಲೆಯಲ್ಲಿ ಮಲಗಿದೆ. ಕೆಳದವಡೆ ಜೋತುಬಿದ್ದಿದೆ, ಬಾಯಿಂದ ಜೊಲ್ಲು ಇಳಿಯುತ್ತಿದೆ, ಹಾಕಿದ ಅನ್ನವನ್ನು ನುಂಗಲು ಆಗುತ್ತಿಲ್ಲ. ಯಾರ ಮೇಲೂ ಎಗರುತ್ತಿಲ್ಲ, ಪಾಪದಂತೆ ನೋಡುತ್ತಿದೆ. "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎಂದು ನೀವು ಬಾಯಿ ಬಿಡಿಸಿ ಕೈ ಹಾಕಲು ಹೊರಡುತ್ತೀರಿ.

ಹಾಕಬೇಡಿ. ಇದು ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ, ಮಂಕು ರೂಪವಾಗಿರಬಹುದು. ಹುಚ್ಚು ಹಿಡಿದ ನಾಯಿ ಎಂದರೆ ಬಾಲ ಇಳಿಬಿಟ್ಟು ಕಂಡವರನ್ನೆಲ್ಲ ಕಚ್ಚುತ್ತ ಓಡುವ ನಾಯಿ ಎಂದೇ ನಾವು ತಿಳಿದಿದ್ದೇವೆ. ಅದು ರೋಗದ ಒಂದು ರೂಪ ಮಾತ್ರ. ಮಂಕು ರೂಪದಲ್ಲಿ ನಾಯಿ ಕಚ್ಚದೆಯೇ ಇರಬಹುದು. ಆದರೆ ಅದರ ಜೊಲ್ಲಿನಲ್ಲಿ ರೋಗದ ವಿಷಾಣು ಇರುತ್ತದೆ. ನಿಮ್ಮ ಬೆರಳಿನ ಒಂದು ಸಣ್ಣ ಗೀರು, ಕುಡುಗೋಲಿನ ಹಳೆಯ ಗಾಯ ಇಷ್ಟೇ ಅದಕ್ಕೆ ಸಾಕು.

ರೋಗ ಒಮ್ಮೆಗೇ ಹೀಗೆ ಕಾಣಿಸುವುದಿಲ್ಲ. ಅದಕ್ಕೆ ಎರಡು ಮೂರು ದಿನ ಮುಂಚೆ ಸ್ವಭಾವ ಬದಲಾಗುತ್ತದೆ. ಸಲುಗೆಯ ನಾಯಿ ದೂರ ಸರಿಯುತ್ತದೆ. ದೂರವಿರುತ್ತಿದ್ದ ನಾಯಿ ಅತಿಯಾಗಿ ಹತ್ತಿರ ಬಂದು ನೆಕ್ಕುತ್ತದೆ. ಬೆಳಕು ಕಂಡರೆ ಆಗುವುದಿಲ್ಲ, ಕತ್ತಲೆ ಹುಡುಕುತ್ತದೆ. ಕಾಣದ ನೊಣ ಹಿಡಿಯುವಂತೆ ಗಾಳಿಗೆ ಬಾಯಿ ಹಾಕಬಹುದು. ಬೊಗಳುವ ದನಿ ಒಡೆದು ಗೊಗ್ಗರಾಗುತ್ತದೆ. ಕಲ್ಲು, ಕಡ್ಡಿ, ಬಟ್ಟೆ ಕಚ್ಚಿ ತಿನ್ನುತ್ತದೆ. ರೋಗದ ಚಿಹ್ನೆ ಕಂಡ ಮೇಲೆ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ದಿನವೂ ಐದು ನಿಮಿಷ ನಾಯಿಯನ್ನು ನೋಡುವವರಿಗೆ ಈ ಮೊದಲ ಎರಡು ದಿನದ ಬದಲಾವಣೆ ಕಣ್ಣಿಗೆ ಬೀಳುತ್ತದೆ. ನೋಡದವರಿಗೆ ದವಡೆ ಜೋತಮೇಲೆ ಬೀಳುತ್ತದೆ. ಆ ಎರಡು ದಿನಗಳಲ್ಲಿ ಅದು ಮನೆಯ ಎಷ್ಟು ಮಕ್ಕಳ ಕೈ ನೆಕ್ಕಿರುತ್ತದೆ ಎಂದು ಯೋಚಿಸಿ.

ನಾಯಿಗೆ ಈ ರೋಗ ಬರುವುದು ಹೆಚ್ಚಾಗಿ ಇನ್ನೊಂದು ರೋಗಿಷ್ಟ ನಾಯಿಯ ಕಡಿತದಿಂದ. ಕಚ್ಚಿದ ಕೆಲವು ವಾರಗಳ ಮೇಲೆ, ಒಮ್ಮೊಮ್ಮೆ ತಿಂಗಳುಗಳ ಮೇಲೆ, ಚಿಹ್ನೆ ಕಾಣಿಸುತ್ತದೆ. ಬೀದಿಜಗಳದ ಗಾಯವನ್ನು ನೆನಪಿನಲ್ಲಿಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಹಸುವಿಗೂ ಎಮ್ಮೆಗೂ ಇದೇ ರೋಗ ಬರುತ್ತದೆ. ಜೊಲ್ಲು ಸುರಿಸುತ್ತ, ಮೇವು ನುಂಗಲಾರದೆ, ದನಿ ಬದಲಾಗಿ ಒಂದೇ ಸಮನೆ ಕೂಗುವ ದನದ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕಿದರೂ ಅಪಾಯ ಅಷ್ಟೇ. ಪಶುವೈದ್ಯರು ಬರುವವರೆಗೆ ಬಾಯಿ ಮುಟ್ಟಬೇಡಿ. ಅಂಥ ಹಸುವಿನ ಹಾಲನ್ನು ಬಳಸಬೇಡಿ. ಸಂಶಯದ ನಾಯಿ ದನವನ್ನು ಕಚ್ಚಿದ್ದರೆ ಗಾಯವನ್ನು ಸೋಪಿನಿಂದ ತೊಳೆದು, ಅದೇ ದಿನ ಪಶುವೈದ್ಯರಿಗೆ ತಿಳಿಸಿ. ತೊಳೆಯುವಾಗ ಕೈಗೆ ಕವಚವಿರಲಿ.

ಕಚ್ಚಿದರೆ, ಗೀರಿದರೆ, ಗಾಯ ನೆಕ್ಕಿದರೆ

ರೇಬೀಸ್‌ನ ಚಿಹ್ನೆ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಚಿಹ್ನೆ ಕಾಣುವ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ರೋಗ ಬರದಂತೆ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆ. ಸಾಯುವವರಲ್ಲಿ ಮಕ್ಕಳ ಪಾಲು ಬಹಳ ದೊಡ್ಡದು.

ಮಾಡಬೇಕಾದದ್ದು ಇಷ್ಟು:

1. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಹೊಲದಲ್ಲಿದ್ದರೆ ಪಂಪಿನ ನೀರೇ ಆಗಬಹುದು. ಬಟ್ಟೆ ಸೋಪೂ ಆಗಬಹುದು.

2. ಸುಣ್ಣ, ಖಾರದಪುಡಿ, ಅರಿಸಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಗಾಯವನ್ನು ಸುಡಬೇಡಿ, ಬಿಗಿಯಾಗಿ ಕಟ್ಟಬೇಡಿ.

3. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯನ್ನು ಮಾಂಸಖಂಡಕ್ಕೆ ಕೊಡುವುದಾದರೆ 0, 3, 7, 14 ಮತ್ತು 28ನೆಯ ದಿನ, ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೆಯ ದಿನ ಕೊಡುತ್ತಾರೆ. ಮೊದಲ ಚುಚ್ಚುಮದ್ದಿನ ದಿನವೇ 0. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಸುತ್ತಲೇ ಚುಚ್ಚಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ.

4. ಕಚ್ಚಿದ ನಾಯಿಯನ್ನು ಕೊಲ್ಲದೆ, ಸಾಧ್ಯವಾದರೆ ದೂರದಿಂದಲೇ 10 ದಿನ ಗಮನಿಸಿ. ಆದರೆ ನಾಯಿಗೆ ಏನಾಗುತ್ತದೆ ನೋಡೋಣ ಎಂದು ಲಸಿಕೆಯನ್ನು ಮುಂದೂಡಬೇಡಿ. ನಾಯಿ ಹತ್ತು ದಿನವೂ ಆರೋಗ್ಯವಾಗಿದ್ದರೆ ಮುಂದಿನ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

"ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು" ಎಂಬ ಭಯದಿಂದ ಇಂದಿಗೂ ಆಸ್ಪತ್ರೆಗೆ ಹೋಗದ ಹಿರಿಯರಿದ್ದಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ, ಹೆಚ್ಚಿನ ನೋವಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ, ನೀರು ಕುಡಿದರೆ ಹುಚ್ಚಿಲ್ಲ ಎನ್ನುವುದು ತಪ್ಪು. ನೀರಿನ ಭಯ ಕಾಣುವುದು ರೋಗ ಬಂದ ಮನುಷ್ಯರಲ್ಲಿ. ನಾಯಿ ನೀರಿಗೆ ಬಾಯಿ ಇಡಬಹುದು, ನುಂಗಲಾರದೆ ಇರಬಹುದು. ಬೇಸಿಗೆಯಲ್ಲಿ ಮಾತ್ರ ಈ ರೋಗ ಬರುತ್ತದೆ ಎನ್ನುವುದೂ ತಪ್ಪು; ವರ್ಷದ ಎಲ್ಲ ತಿಂಗಳಲ್ಲೂ ಬರುತ್ತದೆ. ಮರಿನಾಯಿಯಿಂದ ಅಪಾಯವಿಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಕ್ಕಳು ಎತ್ತಿ ಆಡಿಸುವುದು ಮರಿಗಳನ್ನೇ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ದಿನ ಮತ್ತೊಮ್ಮೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ದಿನವನ್ನೇ ಗುರುತು ಇಟ್ಟುಕೊಂಡರೆ ಮರೆಯುವುದಿಲ್ಲ. ಲಸಿಕೆ ಹಾಕಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ನೆನಪಿಡಿ

- ದಿನಕ್ಕೆ ಐದು ನಿಮಿಷ ನಾಯಿಯನ್ನು ಗಮನಿಸಿ. ಅದರ ಸಹಜ ನಡವಳಿಕೆ ತಿಳಿದುಕೊಳ್ಳಿ.
- ಗುರುಗುಟ್ಟುವ ನಾಯಿಯನ್ನು ಹೊಡೆಯಬೇಡಿ, ಕಾರಣ ಹುಡುಕಿ.
- ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ತಿಳಿಸಿ.
- ಜೊಲ್ಲು ಸುರಿಸುವ ನಾಯಿಯ, ದನದ ಬಾಯಿಗೆ ಕೈ ಹಾಕಬೇಡಿ.
- ಹಲ್ಲು ತಾಗಿದರೆ ಸೋಪು, ನೀರು, 15 ನಿಮಿಷ; ಅದೇ ದಿನ ಆಸ್ಪತ್ರೆ.
- ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ.

ರೈತ ಬಾಂಧವರೇ, ನಿಮ್ಮ ಹೆಜ್ಜೆಯ ಸದ್ದು ಯಾವುದು, ಬೇರೆಯವರದ್ದು ಯಾವುದು ಎಂಬುದು ನಿಮ್ಮ ನಾಯಿಗೆ ಗೊತ್ತು. ನೀವು ಸಿಟ್ಟಿನಲ್ಲಿ ಬಂದಿರೋ ಸಂತೋಷದಲ್ಲಿ ಬಂದಿರೋ ಎಂಬುದನ್ನು ಅದು ಬಾಗಿಲಲ್ಲೇ ತಿಳಿಯುತ್ತದೆ. ಅದು ನಿಮ್ಮನ್ನು ಗಮನಿಸುವುದರಲ್ಲಿ ಅರ್ಧದಷ್ಟಾದರೂ ನೀವು ಅದನ್ನು ಗಮನಿಸಿ. ಇಂದು ಸಂಜೆ ಊಟ ಹಾಕಿದ ಮೇಲೆ ತಟ್ಟೆ ಇಟ್ಟು ಒಳಗೆ ಹೋಗಬೇಡಿ. ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ.